ಅರ್ಧಪ್ಪನ ಕಾರಂಜಿ

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮುದುಕ ಮೂರನೆಯ ಸಲ ಎದ್ದು ಬಂದು ತೀರಿಕೊಂಡ ಅಪ್ಪನ ತಣ್ಣಗಿನ ಬಲಗೈ ಮುಟ್ಟಿದಾಗ ಮಗಳ ತಾಳ್ಮೆ ತಪ್ಪಿತು. ಬೆಳಿಗ್ಗೆಯಿಂದ ಅವನ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ನೆಂಟನಲ್ಲ, ನೆರೆಯವನಲ್ಲ, ಅಪ್ಪ ಕೆಲಸಕ್ಕಿದ್ದ ವಿಶ್ವವಿದ್ಯಾಲಯದವನೂ ಅಲ್ಲ. ಬಂದವರೆಲ್ಲ ಅಪ್ಪನಿಗೆ ಏನಾಗಿತ್ತು ಎಂದು ಕೇಳಿದರೆ, ಈತ ಕೇಳಿದ್ದೇ ಬೇರೆ: ಇನ್ನು ಮೇಲೆ ಕಾರಂಜಿ ನೋಡಿಕೊಳ್ಳುವವರು ಯಾರು, ಪಂಪ್‌ಹೌಸಿನ ಬೀಗದ ಕೈ ಯಾರ ಹತ್ತಿರ ಇದೆ.

ಅಪ್ಪನ ಅಕ್ಕ, ಅವಳ ಸೋದರತ್ತೆ, ಕಿವಿಯ ಹತ್ತಿರ ಬಾಗಿದಳು. "ಆ ಮೋಟಾರಿನ ಕತೇಲಿ ಇವನಿಗೂ ಪಾಲಿತ್ತೇನೇ? ಮುಖ ನೋಡು, ಪರೀಕ್ಷೇಲಿ ಚೀಟಿ ಬಚ್ಚಿಟ್ಟುಕೊಂಡವನ ಹಾಗೆ ಬೆವರ್ತಿದಾನೆ."

"ಸುಮ್ನಿರು ಅತ್ತೆ," ಎಂದಳು. ಆದರೆ ಅವಳ ತಲೆಯಲ್ಲೂ ಓಡುತ್ತಿದ್ದದ್ದು ಅದೇ.

*

ಕ್ಯಾಂಪಸ್ಸಿನ ನಡುವೆ ಆಳೆತ್ತರದ ಕಂಚಿನ ಹೆಂಗಸು ಒಂದು ಕೈಯೆತ್ತಿ ಕೊಡ ಹಿಡಿದು ನಿಂತಿದ್ದಳು. ಆ ಕೊಡದಿಂದ ನೀರು ಗ್ರಂಥಾಲಯದ ಮಾಳಿಗೆಯವರೆಗೆ ಚಿಮ್ಮಬೇಕು ಎಂದು ಉದ್ಘಾಟನೆಯ ಕಲ್ಲಿನ ಮೇಲೇ ಕೆತ್ತಿಸಿದ್ದರು. ಅಪ್ಪ ನೀರು ಬಿಟ್ಟ ಇಪ್ಪತ್ತೆಂಟು ವರ್ಷದಲ್ಲಿ ಅದು ಒಂದು ದಿನವೂ ಅರ್ಧ ದಾಟಲಿಲ್ಲ. ಇರುವ ಎರಡು ಮೋಟಾರಿನಲ್ಲಿ ಒಂದು ಯಾರದೋ ತೋಟದ ಬಾವಿಯಲ್ಲಿ ತಿರುಗುತ್ತಿದೆ ಎಂದು ಆಫೀಸಿನವರು ಆಡಿಕೊಂಡರು. ಹುಡುಗರು ಅಪ್ಪನಿಗೆ ಅರ್ಧಪ್ಪ ಎಂದು ಹೆಸರಿಟ್ಟರು. ಎರಡು ಸಲ ನೋಟೀಸು ಬಂತು. ಅಪ್ಪ ಅವನ್ನು ಮಡಚಿ ಕಪಾಟಿಗೆ ಹಾಕಿದರೇ ಹೊರತು ಯಾರಿಗೂ ಉತ್ತರ ಕೊಡಲಿಲ್ಲ.

ಅವಳು ಅಲ್ಲೇ ಓದುತ್ತಿದ್ದಾಗ ಒಮ್ಮೆ ಕೇಳಿಯೂ ಕೇಳಿದ್ದಳು: "ಒಂದೇ ಒಂದು ದಿನ ಪೂರ್ತಿ ಬಿಡಪ್ಪ. ನನಗೆ ತಲೆ ಎತ್ತಿಕೊಂಡು ಓಡಾಡೋಕೆ ಆಗ್ತಿಲ್ಲ."

ಅಪ್ಪ ಅಂಗಿಯ ಒದ್ದೆ ತೋಳನ್ನು ಹಿಂಡಿಕೊಳ್ಳುತ್ತಾ, "ಅಷ್ಟೇ ಸಾಕು ಬಿಡು ಮಗಳೆ, ಚೆನ್ನಾಗೇ ಕಾಣತ್ತೆ," ಎಂದಿದ್ದರು.

ಮಾರನೆಯ ದಿನದಿಂದ ಅವಳು ಹಿಂದಿನ ಗೇಟಿನಿಂದ ಕಾಲೇಜಿಗೆ ಹೋಗತೊಡಗಿದಳು.

*

ಪಂಪ್‌ಹೌಸಿನಲ್ಲಿ ಅಪ್ಪನ ಜೊತೆಗಾರನಾಗಿದ್ದವನು ಶವದ ಗಾಡಿಯ ಹಿಂದೆ ಬೈಕಿನಲ್ಲಿ ಬಂದವನೇ ಅವಳನ್ನು ಪಕ್ಕಕ್ಕೆ ಕರೆದ. ನಿನ್ನೆ ಸಂಜೆ, ಅಪ್ಪ ಯಾರನ್ನೂ ಬಿಡದಿದ್ದ ಒಳಗಿನ ಕೋಣೆಯ ಬೀಗ ತೆಗೆಸಿದನಂತೆ. ಎರಡನೆಯ ಮೋಟಾರು ಅಲ್ಲೇ ಇತ್ತಂತೆ, ಎಣ್ಣೆ ಹಚ್ಚಿ, ಬಟ್ಟೆ ಮುಚ್ಚಿ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ.

"ಮೇಸ್ತ್ರಿ ಹೆಸರಿಗೆ ಮಸಿ ಬಳಿದವರ ಬಾಯಿ ಇವತ್ತು ಮುಚ್ಚಿಸ್ತೀನಿ ಅಕ್ಕ. ಗಾಡಿ ಕಾರಂಜಿ ಹತ್ರ ಎರಡು ನಿಮಿಷ ನಿಲ್ಲತ್ತೆ. ಎರಡೂ ಮೋಟಾರು ಹಾಕ್ತೀವಿ," ಎಂದು ಬೈಕು ಹತ್ತಿ ಮುಂದೆ ಹೋದ.

ಅವಳ ಎದೆ ಒಂದು ಗಳಿಗೆ ಹಗುರಾಯಿತು. ಮರುಗಳಿಗೆಗೆ ಮತ್ತೆ ತಲೆಗೆ ಹುಳ ಹೊಕ್ಕಿತು. ಇದ್ದ ಮೋಟಾರನ್ನು ಹಾಕಲಿಲ್ಲ ಎಂದರೆ? ಸೋಮಾರಿತನವೇ, ಹಟವೇ, ಇನ್ನೇನಾದರೂ ಇತ್ತೇ?

ಗಾಡಿ ಹೊರಟಾಗ ಮುದುಕ ಯಾರೂ ಕರೆಯದಿದ್ದರೂ ಹತ್ತಿ ಅವಳ ಎದುರಿಗೆ ಕೂತ. ಕ್ಯಾಂಪಸ್ಸಿನ ಗೇಟು ಕಂಡ ಮೇಲೆ ಬಾಯಿ ಬಿಟ್ಟ. ಆ ಹೆಂಗಸನ್ನು ಎರಕ ಹೊಯ್ದ ಶಿಲ್ಪಿ ತಾನೇ. ಉದ್ಘಾಟನೆಯ ದಿನ ಹತ್ತಿರ ಬಂದಿತ್ತು, ಎತ್ತಿದ ಕೈ ಭುಜದ ಹತ್ತಿರ ಬಿರುಕು ಬಿಟ್ಟಿತು. ಬೆಸುಗೆ ಹಾಕಿ, ಮೇಲೆ ಹಸಿರು ಕಿಲುಬು ಬರಿಸಿ ಮುಚ್ಚಿದ. ನೀರಿನ ಪೈಪು ಹೋಗುವುದು ಆ ಕೈಯೊಳಗೇ. ಪೂರ್ತಿ ಒತ್ತಡ ಬಿದ್ದರೆ ಕೈ ಕಳಚಿ ಕೊಳದ ಕಟ್ಟೆಯ ಮೇಲೆ ಕೂತವರ ಮೇಲೆ ಬೀಳುತ್ತದೆ. ಯಾರಿಗೂ ಹೇಳಬೇಡ, ನಾಲ್ಕು ದಿನ ಅರ್ಧವೇ ಬಿಟ್ಟು ತಡೆದುಕೋ, ಬಂದು ಸರಿಮಾಡುತ್ತೇನೆ ಎಂದು ಅಪ್ಪನ ಕೈ ಹಿಡಿದು ಕೇಳಿಕೊಂಡಿದ್ದ.

"ನಾಲ್ಕು ದಿನ," ಎಂದಳು ಅವಳು.

"ಬರೋಕೆ ಮುಖ ಇರಲಿಲ್ಲಮ್ಮ. ಆಮೇಲೆ ನನಗೆ ದೊಡ್ಡ ದೊಡ್ಡ ಕೆಲಸ ಸಿಕ್ತು, ಹೆಸರು ಬಂತು. ಈ ವಯಸ್ಸಲ್ಲಿ ಹೇಳಿದ್ರೆ ನನ್ನ ಮರ್ಯಾದೆ..."

"ಅಪ್ಪಂದು?"

ಮುದುಕ ಬಾಗಿ ಅಪ್ಪನ ಬಲಗೈ ಮೇಲಿಂದ ಜಾರಿದ್ದ ಹೂವನ್ನು ಸರಿಮಾಡಿದ.

ಗಾಡಿ ನಿಲ್ಲುವುದರೊಳಗೆ ನೀರು ಮಾಳಿಗೆಯ ಎತ್ತರಕ್ಕೆ ಎದ್ದಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಹುಡುಗಿಯರು ಕಟ್ಟೆಯ ಮೇಲೆ ಕೂತು ಫೋಟೋ ತೆಗೆಯುತ್ತಿದ್ದರು. ಕಂಚಿನ ಕೈ ಸಣ್ಣಗೆ ನಡುಗುತ್ತಿದ್ದದ್ದು ಅವಳಿಗೆ ಮಾತ್ರ ಕಂಡಿತು. ಓಡಿ ಕಾರಂಜಿಯ ಪಕ್ಕದ ವಾಲ್ವಿನ ಗುಂಡಿಗಿಳಿದವಳೇ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿದಳು. ನೀರು ಕುಸಿದು ಅರ್ಧಕ್ಕೆ ಬಂತು.

ಚಪ್ಪಾಳೆ ನಿಂತಿತು. ಜೊತೆಗಾರ ಪೆಚ್ಚಾಗಿ, "ಏನಕ್ಕ ಇದು, ನಿಮ್ಮಪ್ಪನಿಗೋಸ್ಕರ ಮಾಡಿದ್ದು," ಎಂದ. ಹಿಂದಿನಿಂದ ಯಾರೋ, "ಅರ್ಧಪ್ಪನ ಮಗಳಲ್ವಾ," ಎಂದರು. ಕೆಲವರು ನಕ್ಕರು.

ಅವಳು ಚಕ್ರದ ಮೇಲಿನ ಕೈಯನ್ನು ತೆಗೆಯಲಿಲ್ಲ. ಮುದುಕನನ್ನೇ ನೋಡುತ್ತಾ ನಿಂತಳು.

ಅವನು ಬಹಳ ಹೊತ್ತು ಗಾಡಿಯ ಬಾಗಿಲು ಹಿಡಿದುಕೊಂಡಿದ್ದ. ಆಮೇಲೆ ಬೂಟು ಬಿಚ್ಚಿಟ್ಟು, ಕಟ್ಟೆ ದಾಟಿ ಮೊಣಕಾಲುದ್ದದ ನೀರಿಗೆ ಇಳಿದ. ಕಂಚಿನ ಹೆಂಗಸಿನ ಪೀಠ ಹತ್ತಿ, ನೆತ್ತಿಯ ಮೇಲೆ ನೀರು ಸುರಿಯುತ್ತಿರಲು, ಕಿಸೆಯಿಂದ ಒಂದು ನಾಣ್ಯ ತೆಗೆದು ಅವಳ ಭುಜವನ್ನು ಎಲ್ಲರ ಕಣ್ಣೆದುರಿಗೆ ಕೆರೆಯತೊಡಗಿದ. ಹಸಿರು ಕಿಲುಬು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದರಡಿಯಿಂದ ಭುಜದ ಸುತ್ತ ಬಳಸಿ ಬಂದ ಸೊಟ್ಟ ಗೆರೆಯೊಂದು ಬಿಸಿಲಿಗೆ ಬೆಳ್ಳಗೆ ಹೊಳೆಯಿತು.