ಪೂಜೆಗಿಟ್ಟ ಬ್ಯಾರಲ್ಲು

ಹೊಲಿಗೆ ಮೆಷೀನಿಗೆ ಕುಂಕುಮ ಇಟ್ಟಾಯಿತು, ಈಳಿಗೆಮಣೆಗೂ ಇಟ್ಟಾಯಿತು. ಈಗ ಜಯಲಕ್ಷ್ಮಮ್ಮ ಬಟ್ಟಲು ಹಿಡಿದು ಆ ಎರಡು ಗನ್ನುಗಳ ಮುಂದೆ ನಿಂತರು.

"ಇವೂ ಆಯುಧಾನೇನ್ರೀ?" ಎಂದು ಅಳಿಯ ಗುರುಚರಣನನ್ನು ಕೇಳಿದರು.

ಉತ್ತರ ಕೊಟ್ಟವನು ಅವರ ಮಗ ಸತ್ಯಾತ್ಮ. "ಆಯುಧಾನೇ ಅಮ್ಮಾ, ಹೊಡೆಯೋದು ಬಣ್ಣದ ಗುಂಡು ಅಷ್ಟೆ. ಮೈಮೇಲೆ ಬಣ್ಣ ಬಿತ್ತಾ, ಆಟದಿಂದ ಔಟ್. ನಾಳೆ ಸೆಲೆಕ್ಷನ್, ಜಾಸ್ತೀನೇ ಇಡು!"

ಗುರುಚರಣ ತಲೆ ತಗ್ಗಿಸಿದ. ಭಾವ, ಭಾವಮೈದುನ ಇಬ್ಬರೂ ಒಂದೇ ಆಫೀಸು, ಭಾನುವಾರ ಒಂದೇ ಮೈದಾನ. ಬೆಂಗಳೂರಿನ ಪೇಂಟ್‌ಬಾಲ್ ಪಂದ್ಯಕ್ಕೆ ಹೋಗುವ ಐವರಲ್ಲಿ ನಾಲ್ವರು ಗೊತ್ತಾಗಿದ್ದರು. ಉಳಿದಿದ್ದು ಮುಂದೆ ನುಗ್ಗುವವನ ಜಾಗ ಒಂದೇ, ಅದಕ್ಕೆ ಇವರಿಬ್ಬರದೇ ಪೈಪೋಟಿ.

ಸತ್ಯಾತ್ಮ ನುಗ್ಗಿದರೆ ಅಳಿಲಿನ ಹಾಗೆ. ಗುರುಚರಣನಿಗೋ ನಲವತ್ತೊಂದು, ಬಗ್ಗಿದರೆ ಮಂಡಿ ಲಟಕ್ಕೆನ್ನುತ್ತದೆ. ಹೋದ ತಿಂಗಳು ಹುಡುಗ, "ನನ್ನ ಆಟಕ್ಕೆ ಯಾವ ಬ್ಯಾರಲ್ ಸರಿ ಭಾವ?" ಎಂದು ನಂಬಿ ಕೇಳಿದಾಗ, "ನೀನು ಹಿಂದೆ ನಿಂತು ಗುರಿ ಇಡೋ ಪೈಕಿ, ಉದ್ದದ್ದೇ ಹಾಕಿಸು" ಎಂದು ಕಣ್ಣು ಮಿಟುಕಿಸದೆ ಹೇಳಿದ್ದ. ಗಿಡ್ಡದ್ದನ್ನು ತಾನಿಟ್ಟುಕೊಂಡ. ಅಂದಿನಿಂದ ನುಗ್ಗುವಾಗಲೆಲ್ಲ ಆ ಉದ್ದ ನಳಿಗೆ ಮೈದಾನದಲ್ಲಿ ಮರೆಗೆ ನಿಲ್ಲಿಸಿದ ಹಲಗೆಗೆ ತಗುಲಿ ಸತ್ಯಾತ್ಮ ಮೂರು ವಾರ ಬಣ್ಣ ಬಳಿದುಕೊಂಡು ಹೊರಬಂದ. "ನಂಗೇ ಕೈ ಕೂಡ್ತಿಲ್ಲ ಭಾವ" ಎಂದನೇ ಹೊರತು ಭಾವನ ಮಾತನ್ನು ಅನುಮಾನಿಸಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ, ಗುರುಚರಣನಿಗೆ ಗೊತ್ತಿತ್ತು.

ಮಂಗಳಾರತಿ ಆಗಿಬಿಟ್ಟರೆ ನಾಳೆ ಮರುಪೂಜೆಯವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ಮರುಪೂಜೆ ಮುಗಿಸಿ ನೇರ ಮೈದಾನಕ್ಕೆ. ಬೇಗ ಆಗಿಹೋಗಲಿ, ಆಮೇಲೆ ನನ್ನ ಕೈಲೇನಿದೆ ಎಂದು ಕಾಯುತ್ತಿದ್ದ ಆ ಪುಣ್ಯಾತ್ಮ.

"ಆರತಿ ನೀವೇ ಎತ್ತಿ" ಎಂದು ಅತ್ತೆ ತಟ್ಟೆಯನ್ನು ಅವನ ಕೈಗೇ ಕೊಟ್ಟರು.

ತಟ್ಟೆ ಮೇಲೇಳಲಿಲ್ಲ. "ಒಂದ್ನಿಮಿಷ ಅತ್ತೆ" ಎಂದು ಅದನ್ನು ಕೆಳಗಿಟ್ಟು, ಕುಂಕುಮ ಮೆತ್ತಿದ ಎರಡೂ ಬ್ಯಾರಲ್ಲುಗಳನ್ನು ತಿರುಗಿಸಿ ಬಿಚ್ಚಿದ.

"ಅಯ್ಯೋ, ಪೂಜೆಗಿಟ್ಟಿದ್ದು!"

ಗಿಡ್ಡದ್ದನ್ನು ಸತ್ಯಾತ್ಮನ ಗನ್ನಿಗೆ ಸಿಕ್ಕಿಸಿದ. "ಉದ್ದದ್ದು ನಿಂಗಲ್ಲ ಕಣೋ. ಅವತ್ತೇ ನಾನು..."

"ನಿಮ್ಮದನ್ನೇ ಕೊಡ್ತೀರಾ ಭಾವ? ನಾಳೆ ನಿಮಗೆ?" ಸತ್ಯಾತ್ಮ ತಾಯಿಯತ್ತ ತಿರುಗಿದ. "ನೋಡಮ್ಮಾ, ಯಾರು ಕೊಡ್ತಾರೆ ಹೀಗೆ?"

"ಮೊದಲು ನಮಸ್ಕಾರ ಮಾಡೋ" ಎಂದು ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹುಡುಗ ಉದ್ದಕ್ಕೆ ಬಿದ್ದು ಕಾಲು ಹಿಡಿದ. ಗುರುಚರಣ ಬಾಯಿ ತೆರೆದ. ಅತ್ತೆಯ ಮುಖ ನೋಡಿದ. ಅವತ್ತು ಹೇಳಿದ್ದು ಸುಳ್ಳು ಎಂಬುದನ್ನು ನಾಚಿಕೆಯಿಂದ ನುಂಗಿಕೊಂಡ. ಕೊನೆಗೆ ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟ.

ಸತ್ಯಾತ್ಮ ನಗುತ್ತ ಎದ್ದು ನಿಂತಾಗ ಅವನ ಕೂದಲಲ್ಲಿ, ಹಣೆಯ ಮೇಲೆ, ಐದು ಬೆರಳುಗಳ ಕೆಂಪು ಹಾಗೇ ಅಂಟಿಕೊಂಡಿತ್ತು.