ಕೈ ಎಟುಕದ ಬೆನ್ನು

ತಣ್ಣಗೆ, ಮತ್ತೆ ತಣ್ಣಗೆ, ಸೊಂಟದಿಂದ ಬೆನ್ನಿನ ನಡುವಿನವರೆಗೆ ಸೊಸೆಯ ಬೆರಳು ಹರಿದಾಡುತ್ತಿದೆ, ಕೆಂಪು ಉಂಗುರದ ಅಂಚು ದಾಟಿ ಇನ್ನೊಂದು ಬೆರಳಗಲ ಆಚೆಗೂ ಮುಲಾಮು ಹಚ್ಚಬೇಕು ಅಂದಿದ್ದರಲ್ಲ ಸಿಂಧನೂರಿನ ಡಾಕ್ಟರು, ಕನಕಮ್ಮ ಒಂದು ದಿನವೂ ಮರೆತಿಲ್ಲ, ಹಚ್ಚುತ್ತಾಳೆ, ಆರುವವರೆಗೂ ಅತ್ತೆಯ ಸೆರಗು ಎತ್ತಿ ಹಿಡಿದು ಕೂತಿರುತ್ತಾಳೆ — ಗೋಡೆಗೆ ಮುಖ ಮಾಡಿ ಕೂತ ಸೂಗಮ್ಮನಿಗೆ ಈ ತಂಪು ಹಿತವಾಗಿದೆ, ಹಿತವಾಗಿದೆ ಎನ್ನುವುದೇ ಸಂಕಟ. ಗಂಡ ಹೋದ ಮೇಲೆ ಈ ಬೆನ್ನನ್ನು ಯಾರು ಮುಟ್ಟಿದ್ದರು, ಹನ್ನೊಂದು ವರ್ಷ, ಕೈ ಎಟುಕದ ಆ ಒಂದು ಗೇಣು ಜಾಗದಲ್ಲೇ ಗಜಕರ್ಣ ಬಂದು ಕೂತಿತು, ನಾಟಿಯ ದಿನಗಳಲ್ಲಿ ಕಾಲುವೆ ನೀರಿನ ಗದ್ದೆಯಲ್ಲಿ ಬಗ್ಗಿ ಬಗ್ಗಿ, ಒದ್ದೆ ಸೀರೆ ಸೊಂಟಕ್ಕೆ ಅಂಟಿಕೊಂಡು, ಮೊದಲು ನಾಲ್ಕಾಣೆಯಷ್ಟು, ಆಮೇಲೆ ಅಂಗೈಯಗಲ, ತುರಿಕೆ ಅಂದರೆ ಎಂಥ ತುರಿಕೆ, ಯಾರೂ ಇಲ್ಲದಾಗ ಬಾಗಿಲ ಚೌಕಟ್ಟಿಗೆ ಎಮ್ಮೆಯ ಹಾಗೆ ಬೆನ್ನು ತಿಕ್ಕುತ್ತಿದ್ದಳು, ಚಿಂದಿಗೆ ಸೀಮೆಎಣ್ಣೆ ಅದ್ದಿ ಹಿಂದಕ್ಕೆ ಬೀಸಿಕೊಂಡು ಹಲ್ಲು ಕಚ್ಚಿದಳು, ಬಾಯಿ ಮಾತ್ರ ಬಿಡಲಿಲ್ಲ — ಸೊಸೆಗೆ ಗೊತ್ತಾದರೆ, ಗೊತ್ತಾಗಿ ಅವಳೂ ಹಾಗೇ ಮಾಡಿದರೆ?

ಹಾಗೇ ಅಂದರೆ, ಎಂಟು ವರ್ಷದ ಹಿಂದೆ ತಾನು ಮಾಡಿದ ಹಾಗೆ. ಲಿಂಗಸೂಗೂರಿನಿಂದ ಬಳಗಾನೂರಿಗೆ ಮದುವೆಯಾಗಿ ಬಂದ ಎರಡನೆಯ ವರ್ಷ ಕನಕಮ್ಮನ ಕುತ್ತಿಗೆಯಲ್ಲಿ ಇಂಥದೇ ಉಂಗುರ ಎದ್ದಿತ್ತು, ಮಸ್ಕಿಯಿಂದ ಬಂದಿದ್ದ ತಂಗಿ ಶೇಖಮ್ಮ ನೋಡಿ, ಅಕ್ಕಾ, ಇದು ಅಂಟುರೋಗ, ಮನಿ ಮಂದಿಗೆಲ್ಲ ಹತ್ತತೈತಿ, ದೂರ ಇಡು ಅಂದಳು, ತಂಗಿ ಅಂದಿದ್ದು ಖರೆ, ಇಟ್ಟವಳು ತಾನೇ. ತಾಟು ಬೇರೆ, ಚಾಪೆ ದನದ ಕೊಟ್ಟಿಗೆಯಲ್ಲಿ, ನೀರು ಕೇಳಿದರೆ ತಂಬಿಗೆ ಕೈಗೆ ಕೊಡದೆ ಮೇಲಿನಿಂದ ಬೊಗಸೆಗೆ ಸುರಿಯುವುದು, ಮೊಣಕೈಯಿಂದ ಸೋರಿ ಕುಪ್ಪಸ ತೊಯ್ಯುತ್ತಿತ್ತು, ಹುಡುಗಿ ತಲೆ ಎತ್ತದೆ ಕುಡಿಯುತ್ತಿದ್ದಳು, ಮೂರು ತಿಂಗಳು, ಕೊನೆಗೆ ಅವಳ ಅಪ್ಪ ಬಂದು ಕರೆದೊಯ್ದು, ವಾಸಿ ಮಾಡಿಸಿ ಕಳಿಸಿದ. ಆ ಹುಡುಗಿಯೇ ಹೋದ ತಿಂಗಳು ಬಚ್ಚಲಿಗೆ ಬಿಸಿನೀರು ತಂದವಳು ಬೆನ್ನು ನೋಡಿಬಿಟ್ಟಳು, ಸೂಗಮ್ಮ ಸೀರೆ ಎಳೆದುಕೊಂಡು, ಏನಿಲ್ಲವಾ, ಬೆವರಗುಳ್ಳಿ ಅಂದಳು, ಸೊಸೆ ಕೊಡ ಇಳಿಸಿ ಹೋದಳು. ಅಂದು ಊಟದ ಹೊತ್ತಿಗೆ ಸೂಗಮ್ಮ ತಾನಾಗಿಯೇ ಹೊಸ್ತಿಲಾಚೆ ಕೂತಳು, ಕೂತು ಕಾದಳು. ಒಳಗ ಬರ್ರಿ ಅತ್ತಿ, ಗಾಳಿಗೆ ರೊಟ್ಟಿ ಬಿರುಸಾಗ್ತಾವ ಅಂದಳು ಕನಕಮ್ಮ. ಅಷ್ಟೇ. ಮರುದಿನ ಬೆಳಿಗ್ಗೆ ಸಿಂಧನೂರಿನ ಬಸ್ಸು ಹತ್ತಿಸಿದಳು, ಡಾಕ್ಟರು ಚೀಟಿ ಬರೆಯುತ್ತ, ಬೆನ್ನಿಗೆ ನಿನ್ನ ಕೈ ಹೋಗಂಗಿಲ್ಲ, ಯಾರು ಹಚ್ತಾರಮ್ಮಾ ಅಂದಾಗ ಸೂಗಮ್ಮ ನೆಲ ನೋಡಿದಳು, ಹಿಂದೆ ನಿಂತಿದ್ದ ಸೊಸೆ, ನಾ ಹಚ್ತೀನ್ರಿ ಅಂದಳು. ಹಚ್ಚಿದ ಮ್ಯಾಲೆ ಸೋಪಿಲೆ ಕೈ ತೊಳಕೋ, ಬಟ್ಟಿ ಬ್ಯಾರೆ ಒಗದು ಬಿಸಿಲಿಗೆ ಹಾಕು, ಮಾಯ್ದಂಗ ಕಂಡ್ರೂ ಬಿಡಬ್ಯಾಡ, ಮತ್ತ ಎರಡು ವಾರ ಹಚ್ಚಬೇಕು — ಹೂಂ ರೀ, ಹೂಂ ರೀ ಅಂತ ಎಲ್ಲಕ್ಕೂ ಗೋಣು ಹಾಕಿದಳು.

ಇವತ್ತಿಗೆ ಹದಿನೆಂಟು ದಿನ, ತುರಿಕೆ ಹೋಗಿದೆ, ನಿದ್ದೆ ಬರುತ್ತದೆ, ಆದರೆ ಇವಳು ಒಂದು ಚುಚ್ಚುಮಾತನ್ನಾದರೂ ಆಡಬಾರದೇ, ಆಡಿದರೆ ಹಗುರಾಗುತ್ತಿತ್ತು, ಸುಮ್ಮನೆ ಹಚ್ಚುತ್ತಾಳೆ, ಬೆರಳು ಉಂಗುರದ ಸುತ್ತ ಸುತ್ತಿ ನಡುವಿಗೆ ಬರುತ್ತದೆ, ಸೂಗಮ್ಮನ ಬಾಯಿಂದ ತಾನಾಗಿ ಹೊರಬಿತ್ತು, ಕನಕಾ, ನೀರು. ಬೇಕೇನ್ರಿ, ತರ್ಲ್ಯಾ? ಅಲ್ಲವಾ, ಆಗ, ನಿನಗ ಕುತ್ತಿಗಿಗೆ ಆದಾಗ, ನಾ ಮ್ಯಾಲಿಂದ ಸುರೀತಿದ್ನಲ್ಲ, ತಪ್ಪು ಮಾಡ್ದೆ — ಬೆರಳು ನಿಂತಿತು. ನಿಂತೇ ಇತ್ತು. ಸೂಗಮ್ಮ ಗೋಡೆಯ ಸುಣ್ಣದ ಬಿರುಕನ್ನು ನೋಡಿದಳು, ಈಗ ಎದ್ದು ಹೋಗುತ್ತಾಳೆ, ಹೋಗಲಿ, ಹೋದರೂ ಸರಿಯೇ. ಮರ್ತಿಲ್ರಿ ಅತ್ತಿ, ಅಂದಳು ಕನಕಮ್ಮ, ಮೆಲ್ಲಗೆ, ಮರಿಯಾಕ ಆಗಿಲ್ಲ. ಆಮೇಲೆ, ಅಳಬ್ಯಾಡ್ರಿ, ಬೆನ್ನು ಅಲ್ಲಾಡತೈತಿ, ಸೀರಿಗೆ ಹತ್ತತೈತಿ. ಮತ್ತೆ ತಂಪು, ಮತ್ತೆ ಅದೇ ಅಂಚು, ಅಂಚಿನಾಚೆಗೆ ಒಂದು ಬೆರಳಗಲ, ಆ ಬೆರಳು, ಒಂದೇ ಬೆರಳು, ಬೆನ್ನ ಮೇಲೆ.