ಸೂಜಿಯಕ್ಕನ ಅಳತೆ

ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಚಿಪ್ ಮೇಲಿನ ಕೂದಲೆಳೆಯಗಲದ ಲೋಹದ ಚುಕ್ಕೆಗಳಿಗೆ ಅಳತೆಯ ಸೂಜಿ ತಾಗಿಸುವುದು ಅವರ ಕೆಲಸ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ತಿರುಪನ್ನು ಕಂಡೂ ಕಾಣದಷ್ಟು ತಿರುಗಿಸುವರು. ಹದಿನೆಂಟು ವರ್ಷಗಳಲ್ಲಿ ಅವರ ಕೈಯಲ್ಲಿ ಮುರಿದ ಸೂಜಿ ಎರಡೇ. ಎರಡನೆಯದಕ್ಕೆ ಕಾರಣ ನನ್ನ ಸೀನು.

ನಾನು ಚಿಪ್ ಮೇಲೆಯೇ ಆಂಟೆನಾ ವಿನ್ಯಾಸ ಮಾಡುವವಳು. ಇಡೀ ಸಿನಿಮಾವನ್ನು ಒಂದೆರಡು ಕ್ಷಣದಲ್ಲಿ ಗಾಳಿಯಲ್ಲೇ ದಾಟಿಸಬಲ್ಲ ಮಿಲಿಮೀಟರ್ ಅಲೆಗಳಿಗೆ ಸಾಸಿವೆ ಕಾಳಿನಷ್ಟು ಆಂಟೆನಾ ಸಾಕು. ಆದರೆ ಅದರಡಿಯ ಸಿಲಿಕಾನ್ ಮಹಾ ಹೊಟ್ಟೆಬಾಕ. ಗಾಳಿಗೆ ಹೋಗಬೇಕಾದ ಶಕ್ತಿಯನ್ನು ತಾನೇ ನುಂಗಿ ಕೂರುತ್ತದೆ. ಅದರ ಬಾಯಿ ತಪ್ಪಿಸಲು ನಾನು ಎರಡು ವರ್ಷ ಹೆಣಗಿದ್ದೆ.

ಕೊನೆಗೂ ಚಿಪ್ ಬಂತು. ಅಳೆದರೆ, ಗಾಳಿಗೆ ಹೊಮ್ಮಿದ ಶಕ್ತಿ ನನ್ನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು! ಮುಖ್ಯಸ್ಥರು ಕೇಕ್ ತರಿಸಿದರು. ನಾನು ಅಮ್ಮನಿಗೆ ಫೋನ್ ಮಾಡಿದೆ.

"ಏನು ಗೆದ್ದೆ ಅಂತ ತಲೆಗೆ ಹೋಗ್ಲಿಲ್ಲ ಕಣೇ, ಆದ್ರೆ ನಿನ್ನ ದನಿ ಕೇಳಿ ಖುಷಿಯಾಯ್ತು" ಎಂದಳು ಅಮ್ಮ.

ಸೂಜಿಯಕ್ಕ ಮಾತ್ರ ಕೇಕ್ ಮುಟ್ಟಲಿಲ್ಲ. "ಲೆಕ್ಕಕ್ಕಿಂತ ಜಾಸ್ತಿ ಬಂದಿದೆಯಲ್ಲ, ಅದೇ ನಂಗೆ ಸರಿ ಕಾಣ್ತಿಲ್ಲ" ಎಂದರು.

ಮರುದಿನ ಬೆಳಿಗ್ಗೆ ಕೈಸನ್ನೆ ಮಾಡಿ ಕರೆದರು. "ನೋಡು, ಸೂಜಿ ಈಗ ಖಾಲಿ ಜಾಗದಲ್ಲಿದೆ. ಇಲ್ಲಿ ನಿನ್ನ ಆಂಟೆನಾನೇ ಇಲ್ಲ."

ಪರದೆಯ ಮೇಲೆ ಸಂಕೇತ ನಿನ್ನೆಯಷ್ಟೇ ಜೋರಾಗಿತ್ತು. ಆಂಟೆನಾಗೆ ಶಕ್ತಿ ಉಣಿಸಬೇಕಾದ ಸೂಜಿಯೇ ಅಲೆಗಳನ್ನು ಉಗುಳುತ್ತಿತ್ತು, ಚಿಪ್ ಇಟ್ಟಿದ್ದ ಲೋಹದ ಪೀಠ ಅವನ್ನು ಹಿಂದಕ್ಕೆ ಎಸೆಯುತ್ತಿತ್ತು. ನಾವು ಮೆಚ್ಚಿಕೊಂಡದ್ದು ಅದನ್ನೇ. ಇವರು ಸುಮ್ಮನಿರಬಾರದಿತ್ತೇ ಎಂದು ಒಂದು ಗಳಿಗೆ ಅನ್ನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಮುಖ ಯಾಕೆ ಚಿಕ್ಕದು ಮಾಡ್ತೀಯ? ನಿನ್ನ ಆಂಟೆನಾ ಕೆಟ್ಟದು ಅಂದ್ನಾ ನಾನು? ಅದರ ದನಿ ನಾವಿನ್ನೂ ಕೇಳೇ ಇಲ್ಲ, ಅಷ್ಟೇ."

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದೆವು. ಆ ವಾರವೇ ಫಲಿತಾಂಶ ಪ್ರಕಟಿಸುವುದೆಂದು ಅವರು ಊರಿಗೆಲ್ಲ ಹೇಳಿಯಾಗಿತ್ತು. ತಲೆಯ ಮೇಲೆ ಕೈಯಿಟ್ಟು ಕುಳಿತವರು ಆಮೇಲೆ, "ಎಷ್ಟು ದಿನ ಬೇಕು?" ಎಂದಷ್ಟೇ ಕೇಳಿದರು.

"ಮೂರು ವಾರ ಕೊಡಿ ಸರ್" ಎಂದರು ಸೂಜಿಯಕ್ಕ.

ಯಾವುದೋ ಯಂತ್ರದ ಜೊತೆ ಬಂದಿದ್ದ ಥರ್ಮಾಕೋಲ್ ಕೊರೆದು ಅವರು ಹೊಸ ಪೀಠ ಮಾಡಿದರು. ಅಲೆಗಳಿಗೆ ಅದು ಇದ್ದೂ ಇಲ್ಲದಂತೆ. ಸೂಜಿಯ ತೋಳಿಗೆ ಅಲೆ ಹೀರುವ ಕಪ್ಪು ಸ್ಪಂಜು ಸುತ್ತಿದರು. ಒಪ್ಪಿಗೆಯಾಗದೆ ಬಿಚ್ಚಿದರು, ಮತ್ತೆ ಸುತ್ತಿದರು. ಹನ್ನೊಂದನೆಯ ಸಲಕ್ಕೆ ಖಾಲಿ ಜಾಗ ತೆಪ್ಪಗಾಯಿತು. ಆಗ ಸೂಜಿಯನ್ನು ಆಂಟೆನಾದ ಚುಕ್ಕೆಗೆ ತಂದರು. ಪರದೆಯಲ್ಲಿ ಪುಟ್ಟ ಗೆರೆಯೊಂದು ಎದ್ದಿತು. ಮೊದಲಿನದರ ಕಾಲುಭಾಗವೂ ಇರಲಿಲ್ಲ.

"ಇದು ನಿಂದು" ಎಂದರು ಸೂಜಿಯಕ್ಕ.

ನನ್ನ ಕಣ್ಣು ತುಂಬಿ ಬಂತು. ಅಷ್ಟು ಸಣ್ಣದಾದರೂ ಆ ಗೆರೆ ನನಗೆ ದಾರಿ ತೋರಿಸಿತು. ಅಲೆಗಳು ಸಿಲಿಕಾನಿನೊಳಗೆ ಜಾರಿ ಚಿಪ್ಪಿನ ಒಂದು ಅಂಚಿನಿಂದ ಸೋರುತ್ತಿದ್ದವು. ಹಿಂದಿನ ಗದ್ದಲದಲ್ಲಿ ಅದು ತಿಳಿಯುವ ಮಾತೇ ಇರಲಿಲ್ಲ. ಮುಂದಿನ ಚಿಪ್ಪಿನಲ್ಲಿ ಆಂಟೆನಾದ ಅಡಿಯ ಸಿಲಿಕಾನನ್ನೇ ಕೆರೆದು ತೆಗೆಸಿದೆ. ಎಂಟು ತಿಂಗಳ ನಂತರ ಅದು ಬಂದಾಗ ಅಳತೆ ನನ್ನ ಲೆಕ್ಕದ ಪಕ್ಕದಲ್ಲೇ ಬಂದು ನಿಂತಿತು. ಈ ಸಲ ಮೊದಲ ಕೇಕ್ ತುಂಡು ಸೂಜಿಯಕ್ಕನ ಬಾಯಿಗೆ ಹೋಯಿತು.

ಅಳತೆ ಮಾಡುವವರ ಹೆಸರು ನಮ್ಮ ಪ್ರಬಂಧಗಳಲ್ಲಿ ಅದುವರೆಗೆ ಬಂದದ್ದೇ ಇಲ್ಲ. ಈ ಬಾರಿ ನನ್ನ ಹೆಸರಿನ ಪಕ್ಕದಲ್ಲೇ ಅವರದನ್ನೂ ಸೇರಿಸಿ, ಕರಡನ್ನು ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಉಳಿದದ್ದನ್ನೂ ಒಂದಕ್ಷರ ಬಿಡದೆ ಓದಿದರು.

"ಚೆನ್ನಾಗಿದೆ" ಎಂದರು. "ಆದ್ರೆ ಮೂರನೇ ಪುಟದಲ್ಲಿ ಸೂಜಿಯ ಕೋನ ತಪ್ಪು ಬರೆದಿದ್ದೀಯ. ತಿದ್ಕೊಂಡು ಬಾ."